ಹಳೆಯ ಸಾಯಿಲ್ ರಿಪೋರ್ಟ್ ನಂಬಿ ಜಾಗ ಕೊಳ್ಳಬಹುದೇ?

ಪ್ರಶ್ನೆ: ನಾವು ಮೂವರು ಪಾಲುದಾರರು ಸೇರಿ 2,000 ಚದರ ಮೀಟರಿನ ಒಂದು ಜಾಗ ಕೊಳ್ಳುವ ಯೋಚನೆಯಲ್ಲಿದ್ದೇವೆ. ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್, ಮೇಲೆ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಬೇಕು ಅಂತಿದ್ದೇವೆ. ಮಾರುವವರು ಆರು ವರ್ಷ ಹಳೆಯ ಸಾಯಿಲ್ ರಿಪೋರ್ಟ್ ಒಂದನ್ನು ಕೊಟ್ಟಿದ್ದಾರೆ. ಅದರಲ್ಲಿ ಎರಡೇ ಬೋರ್‌ಹೋಲ್ (ಮಣ್ಣು ನೋಡಲು ಕೊರೆದ ತೂತು), ಒಂದೊಂದೂ 6 ಮೀಟರ್ ಆಳ. ನೀರು ಸಿಕ್ಕಿಲ್ಲ ಅಂತ ಇದೆ. ಕೊನೆಯ ಪುಟದಲ್ಲಿ '1.5 ಮೀಟರ್ ಆಳದಲ್ಲಿ ಎಸ್‌ಬಿಸಿ ಚದರ ಮೀಟರಿಗೆ 20 ಟನ್' ಅಂತ ಬರೆದಿದೆ, ಅಂದರೆ ನೆಲ ಸುರಕ್ಷಿತವಾಗಿ ಹೊರಬಲ್ಲ ಭಾರ ಅಷ್ಟು. ನಮ್ಮಲ್ಲೊಬ್ಬರು ಇಷ್ಟೇ ಸಾಕು ಅನ್ನುತ್ತಾರೆ. ಹೊಸದಾಗಿ ಮಾಡಿಸಬೇಕಾ? ಮಾಡಿಸಿದರೆ ಏನೇನು ಕೇಳಬೇಕು? ವರದಿ ಕೈಗೆ ಬಂದ ಮೇಲೆ ಇಂಜಿನಿಯರ್ ಅಲ್ಲದ ನಾವು ಅದರಲ್ಲಿ ಏನು ನೋಡಬೇಕು?

ಉತ್ತರ: ಹೊಸದಾಗಿ ಮಾಡಿಸಲೇಬೇಕು. ಅದರ ಮೊದಲ ಸುತ್ತು ಕ್ರಯಪತ್ರ ಆಗುವ ಮುಂಚೆಯೇ ಮುಗಿದರೆ ಒಳ್ಳೆಯದು. ಒಂದೆರಡು ಬೋರ್‌ಹೋಲ್ ಕೊರೆಯಲು ಮಾರುವವರ ಲಿಖಿತ ಒಪ್ಪಿಗೆ ಕೇಳಿ. ನೆಲದ ಕೆಳಗೆ ದೊಡ್ಡ ಖರ್ಚು ಕಾದಿದೆ ಅಂತ ಗೊತ್ತಾದರೆ, ಬೆಲೆಯ ಮಾತು ಎತ್ತಲು ನಿಮಗೆ ಅವಕಾಶ ಇರುವುದು ಆಗ ಮಾತ್ರ. ಸಹಿ ಬಿದ್ದ ಮೇಲೆ ಆ ಖರ್ಚು ಪೂರ್ತಿ ನಿಮ್ಮದೇ.

ಹಳೆಯ ವರದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಎಸೆಯಬೇಡಿ, ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ಬರೆದದ್ದು ಬೇರೆ ಕಟ್ಟಡಕ್ಕೆ. 1.5 ಮೀಟರ್ ಆಳದ ಪಾಯ, 6 ಮೀಟರ್ ಬೋರ್‌ಹೋಲ್ ನೋಡಿದರೆ ಯಾರೋ ಒಂದೆರಡು ಮಹಡಿಯ ಮನೆ ಕಟ್ಟಲು ಮಾಡಿಸಿದ್ದಿರಬೇಕು. ನೀವು ಕಟ್ಟುವುದು ಅದಲ್ಲವಲ್ಲ.

'ಈ ಜಾಗದ ಎಸ್‌ಬಿಸಿ ಇಷ್ಟು' ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ, ಮಣ್ಣಿನ ಬಣ್ಣ ಹೇಳಿದ ಹಾಗೆ. ಮಣ್ಣಿಗೆ ಅಂತ ಒಂದು ಎಸ್‌ಬಿಸಿ ಇರುವುದಿಲ್ಲ. ಫುಟಿಂಗ್ (ಕಂಬದ ಭಾರವನ್ನು ನೆಲಕ್ಕೆ ಹರಡುವ ಕಾಂಕ್ರೀಟ್ ಪಾದ) ಎಷ್ಟು ಆಳದಲ್ಲಿದೆ, ಎಷ್ಟು ಅಗಲ, ನೀರು ಎಲ್ಲಿದೆ, ಎಷ್ಟು ಕುಸಿತವನ್ನು ಕಟ್ಟಡ ತಡೆದುಕೊಳ್ಳುತ್ತದೆ ಎಂಬ ನಾಲ್ಕೂ ಸೇರಿ ಆ ಸಂಖ್ಯೆ ಬರುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಮರಳಿನ ನೆಲದಲ್ಲಿ ಫುಟಿಂಗ್ ಅಗಲ ಮಾಡಿದಷ್ಟೂ ಮಣ್ಣು ಮುರಿದು ಬೀಳುವ ಭಯ ಕಡಿಮೆ. ಆದರೆ ಅದೇ ಒತ್ತಡಕ್ಕೆ ಕುಸಿತ ಮಾತ್ರ ಜಾಸ್ತಿ. ಪಾಯದ ಕೆಳಗೆ ನೀರು ಏರಿ ಬಂದರೆ ಮರಳಿನ ಕಣಗಳು ತೇಲುವ ಬಲಕ್ಕೆ ಸಿಕ್ಕಿ ತಮ್ಮ ಪರಿಣಾಮಕಾರಿ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕಳೆದುಕೊಳ್ಳುತ್ತವೆ, ಹೊರುವ ಶಕ್ತಿಯೂ ಇಳಿಯುತ್ತದೆ.

ನಿಮ್ಮ ಕಟ್ಟಡಕ್ಕೇ ಲೆಕ್ಕ ಹಾಕೋಣ. ಬೇಸ್‌ಮೆಂಟ್ ನೆಲ ಸುಮಾರು 3.5 ಮೀಟರ್ ಕೆಳಗೆ ಇರುತ್ತದೆ ಅಂದುಕೊಳ್ಳಿ. ಫುಟಿಂಗ್‌ನ ತಳ 4.5 ಮೀಟರಿಗೆ ಹೋಗುತ್ತದೆ. ಅಂದರೆ 20 ಟನ್ ಅಂತ ಬರೆದಿರುವ ಆ 1.5 ಮೀಟರಿನ ಮಣ್ಣನ್ನು ನೀವು ಅಗೆದು ಲಾರಿಯಲ್ಲಿ ಹೊರಗೆ ಸಾಗಿಸುತ್ತೀರಿ. ನಿಮ್ಮ ಕಟ್ಟಡ ಅದರ ಮೇಲೆ ನಿಲ್ಲುವುದೇ ಇಲ್ಲ. ನಿಲ್ಲುವ ಮಟ್ಟದಿಂದ ಕೆಳಗೆ ಹಳೆಯ ಬೋರ್‌ಹೋಲ್ ನೋಡಿರುವುದು ಬರೀ ಒಂದೂವರೆ ಮೀಟರ್.

ಒಂದೂವರೆ ಮೀಟರ್ ಯಾಕೆ ಸಾಲದು? ಚೌಕಾಕಾರದ ಫುಟಿಂಗ್ ತನ್ನ ಅಗಲದ ಎರಡರಷ್ಟು ಆಳದವರೆಗೂ ಮಣ್ಣನ್ನು ಒತ್ತುತ್ತದೆ. ಆ ಆಳದಲ್ಲಿ ಮೇಲಿನ ಒತ್ತಡದ ಸುಮಾರು ಹತ್ತನೇ ಒಂದು ಭಾಗ ಉಳಿದಿರುತ್ತದೆ. ನಿಮ್ಮ ಫುಟಿಂಗ್ 2.5 ಮೀಟರ್ ಅಗಲ ಇದ್ದರೆ ಅದರ ಕೆಳಗೆ ಇನ್ನೂ 5 ಮೀಟರ್, ನೆಲದಿಂದ 9.5 ಮೀಟರ್ ಆಯಿತು. ಅಕ್ಕಪಕ್ಕದ ಫುಟಿಂಗ್‌ಗಳು ಹತ್ತಿರ ಬಂದರೆ ಅವುಗಳ ಒತ್ತಡ ಕೆಳಗೆ ಒಂದಕ್ಕೊಂದು ಸೇರಿಕೊಂಡು, ಇಡೀ ಕಟ್ಟಡವೇ ಒಂದು ದೊಡ್ಡ ಫುಟಿಂಗ್ ಥರ ವರ್ತಿಸುತ್ತದೆ. ರಾಫ್ಟ್, ಅಂದರೆ ಇಡೀ ಕಟ್ಟಡದ ಕೆಳಗೆ ಒಂದೇ ಕಾಂಕ್ರೀಟ್ ಹಾಸು, ಹಾಕಿದರಂತೂ ಸರಿಯೇ ಸರಿ. ಆಗ ಆಳದಲ್ಲಿ ಮಲಗಿರುವ ಮೆತ್ತನೆಯ ಪದರವೂ ಲೆಕ್ಕಕ್ಕೆ ಬರುತ್ತದೆ.

ಇದು ಪುಸ್ತಕದ ಮಾತಲ್ಲ. 1913ರ ಅಕ್ಟೋಬರಿನಲ್ಲಿ ಕೆನಡಾದ ವಿನಿಪೆಗ್ ಹತ್ತಿರ ಟ್ರಾನ್ಸ್‌ಕೋನಾ ಎಂಬಲ್ಲಿ ಹೊಸದಾಗಿ ಕಟ್ಟಿದ್ದ ಭಾರಿ ಕಾಂಕ್ರೀಟ್ ಧಾನ್ಯದ ಕಣಜವೊಂದು, ಧಾನ್ಯ ತುಂಬುತ್ತಿರುವಾಗಲೇ ಕುಸಿಯಲು ಶುರುವಾಗಿ, ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿ ನಿಂತಿತು. ಕಟ್ಟುವ ಮೊದಲು ಅಲ್ಲಿ ಮಣ್ಣು ಪರೀಕ್ಷೆ ಮಾಡಿರಲಿಲ್ಲ ಅಂತೇನಿಲ್ಲ. ಅಗೆದ ಗುಂಡಿಯ ತಳದಲ್ಲಿ ಸಣ್ಣ ತಟ್ಟೆಯ ಮೇಲೆ ಭಾರ ಹೇರಿ ನೋಡಿದ್ದರು, ಫಲಿತಾಂಶ ಚೆನ್ನಾಗಿಯೇ ಬಂದಿತ್ತು. ಆದರೆ ಸಣ್ಣ ತಟ್ಟೆ ಒತ್ತಿದ್ದು ಮೇಲಿನ ಗಟ್ಟಿ ಜೇಡಿಮಣ್ಣನ್ನು ಮಾತ್ರ. 23 ಮೀಟರ್ ಅಗಲದ ರಾಫ್ಟ್ ಅದರ ಕೆಳಗಿದ್ದ ಮೆತ್ತನೆಯ ಜೇಡಿಯನ್ನೂ ಒತ್ತಿತು. ಆ ಮೆತ್ತನೆಯ ಪದರವನ್ನು ಸರಿಯಾಗಿ ಕೊರೆದು ನೋಡಿದ್ದು 1951ರಲ್ಲಿ. ಕಣಜವನ್ನೇನೋ ಬಂಡೆಯವರೆಗೆ ಆಧಾರ ಕೊಟ್ಟು ಮತ್ತೆ ನೆಟ್ಟಗೆ ನಿಲ್ಲಿಸಿದರು, ಅದೊಂದು ದೊಡ್ಡ ಸಾಹಸ. ಹಾಗಾಗಿ ಯಾರಾದರೂ ನಿಮಗೆ 'ಬೋರ್‌ಹೋಲ್ ಯಾಕೆ, ಪ್ಲೇಟ್ ಲೋಡ್ ಟೆಸ್ಟ್ ಮಾಡಿದರೆ ಸಾಕು' ಅಂದರೆ ಒಪ್ಪಬೇಡಿ. 30 ಸೆಂಟಿಮೀಟರ್ ತಟ್ಟೆ ತನ್ನ ಕೆಳಗಿನ ಸುಮಾರು 60 ಸೆಂಟಿಮೀಟರ್ ಮಣ್ಣಿನ ಬಗ್ಗೆ ಹೇಳುತ್ತದೆ, ಅಷ್ಟೇ.

ಕೊರೆಯುವ ಮುಂಚಿನ ಕೆಲಸ

ಕೊರೆಯುವ ಯಂತ್ರ (ರಿಗ್) ಬರುವ ಮೊದಲೇ ಜಾಗದ ಚರಿತ್ರೆ ಹುಡುಕಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ಆದರೂ ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಇದು ಬೇಸರದ ಸಂಗತಿ, ಯಾಕೆಂದರೆ ಬೋರ್‌ಹೋಲ್‌ಗೆ ಕಾಣದೇ ಹೋಗುವುದು ಇಲ್ಲಿ ಕಾಣುತ್ತದೆ. ಹಳೆಯ ಸರ್ವೆ ನಕ್ಷೆ, ಹಳೆಯ ಉಪಗ್ರಹ ಚಿತ್ರ, ಭೂವಿಜ್ಞಾನ ನಕ್ಷೆ ನೋಡಿ. ಈ ಜಾಗದಲ್ಲಿ ಮೊದಲು ಹಳ್ಳ ಹರಿಯುತ್ತಿತ್ತಾ? ಕೆರೆಯ ಅಂಚಾ? ಕಲ್ಲು ತೆಗೆದ ಗುಂಡಿ ಇತ್ತಾ? ಬಾವಿ ಇತ್ತಾ? ಕಾರ್ಖಾನೆ ಅಥವಾ ಪೆಟ್ರೋಲ್ ಬಂಕ್ ಇದ್ದಿದ್ದರೆ ಮಣ್ಣಿನಲ್ಲಿ ರಾಸಾಯನಿಕ ಉಳಿದಿರಬಹುದು. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಸಾಮಾನ್ಯ ಸಾಯಿಲ್ ರಿಪೋರ್ಟ್ ಅದನ್ನು ಮುಟ್ಟುವುದಿಲ್ಲ.

ಇವೆಲ್ಲದರಲ್ಲಿ ನನಗೆ ಜಾಸ್ತಿ ಭಯ ತುಂಬಿದ ಮಣ್ಣಿನದು. ಗುಂಡಿಯನ್ನು ಕಟ್ಟಡದ ಅವಶೇಷ, ಕಸ, ಸಡಿಲ ಮಣ್ಣು ಹಾಕಿ ಮುಚ್ಚಿ, ಮೇಲೆ ಒಂದು ಅಡಿ ಒಳ್ಳೆ ಮಣ್ಣು ಹರಡಿದರೆ ಕಣ್ಣಿಗೆ ಸಮತಟ್ಟಾದ ಚಂದದ ಜಾಗವೇ. ಅದರ ಮೇಲೆ ಕಟ್ಟಿದ್ದು ಒಂದೇ ಸಮ ಕುಸಿಯುವುದಿಲ್ಲ. ಇಟ್ಟಿಗೆ ಚೂರು ಇದ್ದಲ್ಲಿ ನಿಲ್ಲುತ್ತದೆ, ಕಸ ಕೊಳೆತಲ್ಲಿ ಇಳಿಯುತ್ತದೆ. ಇಳಿಜಾರಿನ ಜಾಗವನ್ನು ಕಡಿದು ತುಂಬಿ ಮಟ್ಟ ಮಾಡಿದ್ದರೂ ಇದೇ ಕಥೆ: ಕಟ್ಟಡದ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ.

ಜಾಗದಲ್ಲಿ ನಿಧಾನಕ್ಕೆ ಒಂದು ಸುತ್ತು ನಡೆದು ನೋಡಿ. ಪಕ್ಕದ ಕಟ್ಟಡಗಳ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಇದೆಯಾ? ಒಂದೇ ಜಾಗದಲ್ಲಿ ಮಾತ್ರ ಹುಲ್ಲು ಹಸಿರಾಗಿದೆಯಾ? ಒಣಗಿದ ನೆಲದಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟಿದೆಯಾ? ಕಂಬ, ಕಾಂಪೌಂಡ್ ವಾಲಿವೆಯಾ? ಅಕ್ಕಪಕ್ಕದವರು ಪಾಯ ತೋಡಿದಾಗ ಏನು ಸಿಕ್ಕಿತು, ನೀರು ಬಂತಾ ಅಂತ ಕೇಳಿ. ಕಂಡದ್ದನ್ನು ಫೋಟೋ ತೆಗೆದು ಇಟ್ಟುಕೊಳ್ಳಿ. ನಾಳೆ ನೀವು ಅಗೆಯುವಾಗ 'ನಿಮ್ಮಿಂದಲೇ ನಮ್ಮ ಗೋಡೆ ಬಿರುಕು ಬಿಟ್ಟಿತು' ಅಂತ ಪಕ್ಕದವರು ಬಂದರೆ ಆ ಫೋಟೋ ಬೇಕಾಗುತ್ತದೆ.

ಎಷ್ಟು ಬೋರ್‌ಹೋಲ್, ಎಷ್ಟು ಆಳ

10 ಸೆಂಟಿಮೀಟರ್ ವ್ಯಾಸದ ಐದು ಬೋರ್‌ಹೋಲ್ ಕೊರೆದರೂ, ನಿಮ್ಮ 2,000 ಚದರ ಮೀಟರಿನಲ್ಲಿ ಐವತ್ತು ಸಾವಿರದಲ್ಲಿ ಒಂದು ಭಾಗವನ್ನಷ್ಟೇ ನೋಡಿದ ಹಾಗಾಯಿತು. ಉಳಿದದ್ದೆಲ್ಲ ಊಹೆ. ಆ ಊಹೆಗೆ ಆಧಾರ ಸಿಗಬೇಕಾದರೆ ಬೋರ್‌ಹೋಲ್‌ಗಳು ಸರಿಯಾದ ಕಡೆ ಇರಬೇಕು. ಎತ್ತರದ ಕಟ್ಟಡಗಳಿಗೆ ಬೋರ್‌ಹೋಲ್‌ಗಳ ನಡುವೆ 15ರಿಂದ 40 ಮೀಟರ್ ಅಂತರ ಇರಲಿ ಎಂದು ಯುರೋಪಿನ ಮಾನದಂಡ ಯೂರೋಕೋಡ್ 7 ಸೂಚಿಸುತ್ತದೆ. ನಿಮ್ಮ ಜಾಗಕ್ಕೆ ನಾನಾದರೆ ಐದು ಕೇಳುತ್ತೇನೆ: ಕಟ್ಟಡದ ನಾಲ್ಕು ಮೂಲೆ ಮತ್ತು ನಡುವೆ ಒಂದು. ಜಾಗದ ಮೂಲೆಯಲ್ಲ, ಕಟ್ಟಡದ ಮೂಲೆ. ಕೊರೆಯುವವರು ರಿಗ್ ಸುಲಭಕ್ಕೆ ನಿಲ್ಲುವ ಕಡೆ ಕೊರೆಯಲು ಇಷ್ಟಪಡುತ್ತಾರೆ, ಬಿಡಬೇಡಿ.

ಆಳ ಕನಿಷ್ಠ 15 ಮೀಟರ್ ಇರಲಿ. ನಡುವಿನದು ಇನ್ನೂ ಆಳ ಹೋಗಲಿ. ಪೈಲ್ (ಆಳಕ್ಕೆ ಇಳಿಸುವ ಕಂಬದಂಥ ಪಾಯ) ಬೇಕಾಗಬಹುದು ಅನ್ನಿಸಿದರೆ ಪೈಲ್ ತುದಿಯಿಂದ ಕೆಳಗೆ ಕನಿಷ್ಠ 5 ಮೀಟರ್ ನೋಡಲೇಬೇಕು. ಒಂದು ಮಾತನ್ನು ಒಪ್ಪಂದದಲ್ಲೇ ಬರೆಸಿ: 'ನಿಗದಿಯಾದ ಆಳದಲ್ಲಿ ಮೆತ್ತನೆಯ ಮಣ್ಣು ಸಿಕ್ಕರೆ ಅಲ್ಲಿಗೆ ನಿಲ್ಲಿಸಬಾರದು, ಇಂಜಿನಿಯರನ್ನು ಕೇಳಿ ಮುಂದುವರಿಸಬೇಕು.' 15 ಮೀಟರ್ ಅಂತ ಬರೆದಿದೆ, 15ಕ್ಕೆ ನಿಲ್ಲಿಸಿದೆವು ಅನ್ನುವ ವರದಿಗಳು ಬೇಕಾದಷ್ಟಿವೆ. ಕೊನೆಯ ಮೀಟರಿನಲ್ಲಿ ಏನಿತ್ತು ಅನ್ನುವುದೇ ಅಲ್ಲಿ ಮುಖ್ಯವಾಗಿರುತ್ತದೆ.

ಬಂಡೆಯ ವಿಚಾರಕ್ಕೂ ಇದೇ ಎಚ್ಚರ. ಉಪಕರಣ ಗಟ್ಟಿಯಾದದ್ದಕ್ಕೆ ತಾಗಿದ ಕೂಡಲೇ 'ಬಂಡೆ ಬಂತು' ಅಂತ ನಿಲ್ಲಿಸಿದರೆ, ಅದು ಮಣ್ಣಿನೊಳಗೆ ಕೂತಿರುವ ಒಂದು ಗುಂಡುಕಲ್ಲು ಆಗಿರಬಹುದು, ಕೆಳಗೆ ಮತ್ತೆ ಮಣ್ಣು. ಕನಿಷ್ಠ 3 ಮೀಟರ್ ಬಂಡೆಯೊಳಗೆ ಕೊರೆದು, ಉದ್ದುದ್ದ ತುಂಡುಗಳನ್ನು ಹೊರತೆಗೆದು, ಪೆಟ್ಟಿಗೆಯಲ್ಲಿ ಜೋಡಿಸಿ ಫೋಟೋ ತೆಗೆಯಬೇಕು. ಅದರಲ್ಲಿ 10 ಸೆಂಟಿಮೀಟರಿಗಿಂತ ಉದ್ದದ ತುಂಡುಗಳನ್ನೆಲ್ಲ ಕೂಡಿ, ಕೊರೆದ ಉದ್ದದಿಂದ ಭಾಗಿಸಿದರೆ ಬರುವ ಶೇಕಡಾವನ್ನು ಆರ್‌ಕ್ಯೂಡಿ ಅನ್ನುತ್ತಾರೆ. 90ರ ಮೇಲಿದ್ದರೆ ಅತ್ಯುತ್ತಮ ಬಂಡೆ, 25ಕ್ಕಿಂತ ಕಡಿಮೆ ಇದ್ದರೆ ಹೆಸರಿಗೆ ಮಾತ್ರ ಬಂಡೆ.

ರಿಗ್ ಹತ್ತಿರ ನಿಂತು ನೋಡಿ

ನಿಮ್ಮಲ್ಲಿ ಒಬ್ಬರು, ಇಲ್ಲವೇ ನಿಮ್ಮ ಪರವಾಗಿ ಒಬ್ಬ ಇಂಜಿನಿಯರ್, ಕೊರೆಯುವಾಗ ಅಲ್ಲೇ ಇರಬೇಕು. ಎಷ್ಟೇ ದೊಡ್ಡ ಲ್ಯಾಬ್ ಆದರೂ ಕೆಟ್ಟ ಸ್ಯಾಂಪಲ್‌ನಿಂದ ಒಳ್ಳೆಯ ಉತ್ತರ ತೆಗೆಯಲಾಗದು.

ಅಲ್ಲಿ ನೀವು ಹೆಚ್ಚಾಗಿ ನೋಡುವುದು ಎಸ್‌ಪಿಟಿ ಪರೀಕ್ಷೆ. ಬೋರ್‌ಹೋಲ್‌ನ ತಳಕ್ಕೆ 5 ಸೆಂಟಿಮೀಟರ್ ವ್ಯಾಸದ, ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಒಂದು ಕೊಳವೆಯನ್ನು ಇಳಿಸುತ್ತಾರೆ. ಮೇಲಿನಿಂದ 63.5 ಕಿಲೋ ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತಿ, ಹಾಗೇ ಬಿಡುತ್ತಾರೆ. ಕೊಳವೆ 15 ಸೆಂಟಿಮೀಟರ್ ಇಳಿಯಲು ಎಷ್ಟು ಏಟು, ಇನ್ನೊಂದು 15ಕ್ಕೆ ಎಷ್ಟು, ಮತ್ತೊಂದು 15ಕ್ಕೆ ಎಷ್ಟು ಅಂತ ಎಣಿಸುತ್ತಾರೆ. ಮೊದಲ 15ನ್ನು ಬಿಟ್ಟು, ಉಳಿದೆರಡರ ಮೊತ್ತವೇ ಎನ್ ಮೌಲ್ಯ. ಮೊದಲನೆಯದನ್ನು ಬಿಡುವುದು ಯಾಕೆಂದರೆ ಕೊರೆಯುವಾಗ ತಳದ ಮಣ್ಣು ಕಲಕಿರುತ್ತದೆ. 6, 8, 11 ಅಂತ ಎಣಿಸಿದರೆ ಎನ್ ಅಂದರೆ 19. ಮರಳಿನಲ್ಲಿ ಎನ್ 10ಕ್ಕಿಂತ ಕಡಿಮೆ ಬಂದರೆ ಸಡಿಲ, 10ರಿಂದ 30 ಮಧ್ಯಮ, 50 ದಾಟಿದರೆ ತುಂಬಾ ಗಟ್ಟಿ. ಜೇಡಿಯಲ್ಲಿ 4ಕ್ಕಿಂತ ಕೆಳಗೆ ಬಂದರೆ ಮೆತ್ತನೆಯ ಮಣ್ಣು ಅಂತ ತಿಳಿಯಿರಿ.

ಪರೀಕ್ಷೆ ನೋಡಲು ಸರಳ, ಕೆಡಿಸುವುದೂ ಅಷ್ಟೇ ಸುಲಭ. ಹಗ್ಗ ರಾಟೆಗೆ ಬಿಗಿಯಾಗಿ ಸುತ್ತಿಕೊಂಡರೆ ಸುತ್ತಿಗೆ ನಿಧಾನಕ್ಕೆ ಬೀಳುತ್ತದೆ, ಏಟು ಜಾಸ್ತಿ ಬೇಕಾಗುತ್ತದೆ, ಮೆತ್ತನೆಯ ಮಣ್ಣು ಕಾಗದದ ಮೇಲೆ ಗಟ್ಟಿಯಾಗುತ್ತದೆ. ಕೊಳವೆಯ ಬಾಯಿಗೆ ಕಲ್ಲು ಸಿಕ್ಕಿಕೊಂಡರೂ ಹಾಗೇ. ಇನ್ನೊಂದು ಕಡೆ, ನೀರಿರುವ ಮರಳಿನಲ್ಲಿ ಬೋರ್‌ಹೋಲ್ ಒಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ಕೆಳಗಿಳಿದರೆ ನೀರು ತಳದಿಂದ ಒಳನುಗ್ಗಿ ಮರಳನ್ನು ಕುದಿಯುವ ಹಾಗೆ ಮೇಲೆತ್ತುತ್ತದೆ. ಆಗ ಗಟ್ಟಿ ಮರಳೂ ಸಡಿಲ ಅಂತ ತೋರುತ್ತದೆ. ಹಾಗಾಗಿ ಮೂರು ವಿಷಯ ಗಮನಿಸಿ: ಪ್ರತಿ ಸಲ ತಳ ಸ್ವಚ್ಛ ಮಾಡುತ್ತಾರಾ, ಒಳಗೆ ನೀರು ತುಂಬಿರುವ ಹಾಗೆ ನೋಡಿಕೊಳ್ಳುತ್ತಾರಾ, ಏಟುಗಳನ್ನು ಆಗಲೇ ಬರೆದುಕೊಳ್ಳುತ್ತಾರಾ ಅಥವಾ ಸಂಜೆ ಕೂತು ನೆನಪಿನಿಂದ ತುಂಬುತ್ತಾರಾ.

ಎಸ್‌ಪಿಟಿ ಕೊಳವೆಯಲ್ಲಿ ಬಂದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಬಹುದು, ಜರಡಿ ಹಿಡಿಯಬಹುದು, ನೀರಿನ ಅಂಶ ಅಳೆಯಬಹುದು. ಆದರೆ ಅದರಿಂದ ಜೇಡಿಯ ಬಲವನ್ನೋ ಕುಸಿತವನ್ನೋ ಅಳೆಯಲು ಆಗುವುದಿಲ್ಲ. ಆ ಕೊಳವೆಯ ಗೋಡೆ ಎಷ್ಟು ದಪ್ಪ ಅಂದರೆ, ಒಳಗೆ ಬಂದ ಮಣ್ಣಿಗಿಂತ ಜಾಸ್ತಿ ಜಾಗವನ್ನು ಲೋಹವೇ ತಿನ್ನುತ್ತದೆ. ಮಣ್ಣಿನ ರಚನೆ ಹಾಳಾಗಿರುತ್ತದೆ. ಜೇಡಿ ಸಿಕ್ಕಲ್ಲಿ ತೆಳು ಗೋಡೆಯ ಕೊಳವೆಯನ್ನು ಏಟು ಹಾಕದೆ ಒಂದೇ ಸಮ ಒತ್ತಿ ಇಳಿಸಿ, ಹೊರತೆಗೆದ ಕೂಡಲೇ ಎರಡೂ ತುದಿಗೆ ಮೇಣ ಹಾಕಿ ಮುಚ್ಚಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಬರೆದು, ಬಿಸಿಲಿಗೆ ಬಿಡದೆ ಲ್ಯಾಬಿಗೆ ಕಳಿಸಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುವ ಕೊಳವೆ ಕಂಡರೆ ಅಲ್ಲೇ ಆಕ್ಷೇಪ ಹೇಳಿ.

ಉಬ್ಬುವ ಮಣ್ಣು, ಇಳಿಯುವ ಮಣ್ಣು

ಲ್ಯಾಬಿನ ಎಲ್ಲ ಪರೀಕ್ಷೆಗಳನ್ನು ವಿವರಿಸಲು ಹೋಗುವುದಿಲ್ಲ. ನಿಮಗೆ ಮುಖ್ಯವಾದವು ಎರಡು.

ಒಂದು, ಮಣ್ಣು ಉಬ್ಬುತ್ತದಾ ಅನ್ನುವುದು. ಎರೆ ಮಣ್ಣಿನಂಥ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇರುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇದನ್ನು ತಿಳಿಯುವ ಸರಳ ಪರೀಕ್ಷೆಯನ್ನು ನೀವೂ ಹೋಗಿ ನೋಡಬಹುದು. ಒಣಗಿಸಿ ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಗಾಜಿನ ಕೊಳವೆಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ, ಗಾಳಿ ಗುಳ್ಳೆ ಬಿಡಿಸಿ, ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್ ಗೆರೆಗೆ ನಿಂತ ಮಣ್ಣು ನೀರಿನಲ್ಲಿ 18ಕ್ಕೆ ಏರಿದ್ದರೆ ಉಬ್ಬು ಶೇಕಡಾ 80. ಶೇಕಡಾ 50 ದಾಟಿದರೆ ಹುಷಾರಾಗಬೇಕು. ಇಂಥ ಮಣ್ಣು ದೊಡ್ಡ ಕಟ್ಟಡಕ್ಕಿಂತ ಹಗುರವಾದದ್ದಕ್ಕೇ ಜಾಸ್ತಿ ತೊಂದರೆ ಕೊಡುತ್ತದೆ: ಕಾಂಪೌಂಡ್, ನೆಲಹಾಸು, ಸಂಪ್, ಕಾವಲುಗಾರರ ಕೋಣೆ. ಭಾರದ ಕಂಬ ಅದನ್ನು ಅದುಮಿ ಹಿಡಿಯಬಹುದು, ಹಗುರದ ನೆಲಹಾಸು ಹಿಡಿಯಲಾರದು.

ಎರಡನೆಯದು, ಕುಸಿತ. ಕಟ್ಟಡ ಸ್ವಲ್ಪ ಇಳಿಯುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಎಲ್ಲ ಕಂಬಗಳೂ ಒಂದೇ ಸಮ 25 ಮಿಲಿಮೀಟರ್ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕಂಬ ಇಳಿದು ಪಕ್ಕದ್ದು ಇಳಿಯದಿದ್ದಾಗ ಗೋಡೆ ಬಿರುಕು ಬಿಡುತ್ತದೆ. ಕಂಬಗಳ ನಡುವಿನ ದೂರದ 300ನೇ ಒಂದು ಭಾಗದಷ್ಟು ವ್ಯತ್ಯಾಸ ಬಂದರೆ ಒಳಗೋಡೆಗಳು ಬಿರುಕು ಬಿಡಲು ಶುರುವಾಗುತ್ತವೆ, 150ನೇ ಒಂದು ಭಾಗಕ್ಕೆ ಹೋದರೆ ಕಂಬ ತೊಲೆಗಳಿಗೇ ಹಾನಿ. 6 ಮೀಟರ್ ಅಂತರದ ಕಂಬಗಳಿಗೆ 300ನೇ ಒಂದು ಅಂದರೆ ಬರೀ 20 ಮಿಲಿಮೀಟರ್. ಬಿರುಕೇ ಬೇಡ ಅನ್ನುವವರು 500ನೇ ಒಂದು ಭಾಗ, ಅಂದರೆ 12 ಮಿಲಿಮೀಟರ್ ಹಿಡಿಯುತ್ತಾರೆ.

ಮರಳಿನಲ್ಲಿ ಕುಸಿತ ಹೆಚ್ಚೂಕಡಿಮೆ ಕಟ್ಟುತ್ತಿರುವಾಗಲೇ ಮುಗಿಯುತ್ತದೆ. ಜೇಡಿಯಲ್ಲಿ ಹಾಗಲ್ಲ. ಕಣಗಳ ನಡುವೆ ಸಿಕ್ಕಿಕೊಂಡ ನೀರು ಹಿಂಡಿ ಹೊರಬರಬೇಕು. ಜೇಡಿಯ ದಾರಿಗಳು ತೀರಾ ಕಿರಿದು, ಹಾಗಾಗಿ ವರ್ಷಗಟ್ಟಲೆ ನಡೆಯುತ್ತದೆ. ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ತೋರಿಸಿಕೊಟ್ಟ ಸಿದ್ಧಾಂತದ ಪ್ರಕಾರ, ಪದರದ ದಪ್ಪ ಎರಡರಷ್ಟಾದರೆ ಬೇಕಾಗುವ ಸಮಯ ನಾಲ್ಕರಷ್ಟು. ನೀವು ಮನೆಗಳನ್ನೆಲ್ಲ ಮಾರಿದ ಮೇಲೆ, ಕೊಂಡವರ ಗೋಡೆಯಲ್ಲಿ ಬಿರುಕು ಕಾಣಿಸಿಕೊಳ್ಳುವುದು ಹೀಗೆ. ಸಾಲ ಮಾಡಿ ಮನೆ ಕೊಂಡ ಕುಟುಂಬಕ್ಕೆ ಅದನ್ನು ಹೊರಿಸುವುದು ಸರಿಯಲ್ಲ. ಬಿಲ್ಡರ್ ಆಗಿ ನೀವು ಇದನ್ನು ಮೊದಲೇ ಯೋಚಿಸಬೇಕು. ಜೇಡಿ ಸಿಕ್ಕರೆ ಈ ನಿಧಾನದ ಕುಸಿತ ಅಳೆಯುವ ಕನ್ಸಾಲಿಡೇಶನ್ ಪರೀಕ್ಷೆ ಬೇಕೇ ಬೇಕು, 'ಎನ್ ನೋಡಿ ಅಂದಾಜು ಮಾಡಿದ್ದೇವೆ' ಅನ್ನುವುದು ಸಾಲದು.

ಭೂಕಂಪದ ಪ್ರದೇಶದಲ್ಲಿ, ನೀರು ತುಂಬಿದ ಸಡಿಲ ಮರಳು ಸಿಕ್ಕರೆ ಇನ್ನೊಂದು ಲೆಕ್ಕವೂ ಸೇರುತ್ತದೆ. 1964ರಲ್ಲಿ ಜಪಾನಿನ ನಿಗಾತಾ ಭೂಕಂಪದಲ್ಲಿ ಅಪಾರ್ಟ್‌ಮೆಂಟ್ ಕಟ್ಟಡಗಳು ಹೆಚ್ಚು ಮುರಿಯದೆ ಇಡಿಯಾಗಿ ಒರಗಿಕೊಂಡವು, ಕೆಳಗಿನ ಮರಳು ದ್ರವದಂತಾಗಿತ್ತು.

ಬೇಸ್‌ಮೆಂಟ್ ಇರುವವರು ನೀರನ್ನು ಮರೆಯಬಾರದು

ನಿಮ್ಮ ಹಳೆಯ ವರದಿಯಲ್ಲಿ 'ನೀರು ಸಿಕ್ಕಿಲ್ಲ' ಅಂತಿದೆ. ಯಾವ ತಿಂಗಳಲ್ಲಿ ಕೊರೆದಿದ್ದಾರೆ, ನೋಡಿ. ಬೇಸಿಗೆಯ ಕೊನೆಯಲ್ಲಿ ಆಗಿದ್ದರೆ ಆ ಮಾತಿಗೆ ಬೆಲೆ ಕಡಿಮೆ. ಜೇಡಿಯಲ್ಲಿ ಕೊರೆದ ತೂತಿಗೆ ನೀರು ಜಿನುಗಿ ನಿಜವಾದ ಮಟ್ಟಕ್ಕೆ ಬರಲು ದಿನಗಳೇ ಬೇಕಾಗಬಹುದು. ಸಂಜೆ ಟೇಪ್ ಇಳಿಸಿ 'ಒಣಗಿದೆ' ಅಂತ ಬರೆದರೆ ಆಗದು. ಒಂದೆರಡು ಬೋರ್‌ಹೋಲ್‌ನಲ್ಲಿ ತೂತಿರುವ ಪೈಪ್ ಇಳಿಸಿ ಹಾಗೇ ಬಿಡಿಸಿ, ಮಳೆಗಾಲ ಮುಗಿಯುವವರೆಗೆ ಆಗಾಗ ಮಟ್ಟ ಅಳೆಯಿರಿ. ಖರ್ಚು ಅಲ್ಪ, ಉಪಯೋಗ ಬಹಳ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನೀರು ಬೇಸ್‌ಮೆಂಟನ್ನು ಕೆಳಗಿನಿಂದ ಮೇಲೆ ತಳ್ಳುತ್ತದೆ. ನೆಲಹಾಸಿನ ತಳಕ್ಕಿಂತ 3 ಮೀಟರ್ ಮೇಲೆ ನೀರು ನಿಂತರೆ ಪ್ರತಿ ಚದರ ಮೀಟರಿಗೆ 3 ಟನ್ ಒತ್ತಡ. ಕಾಂಕ್ರೀಟ್ ತೂಕದಿಂದಲೇ ಅದನ್ನು ತಡೆಯಬೇಕಾದರೆ ಸುಮಾರು 1.2 ಮೀಟರ್ ದಪ್ಪದ ಸ್ಲ್ಯಾಬ್ ಬೇಕು. ಐದು ಅಂತಸ್ತು ಮೇಲೆ ಕೂತ ಜಾಗದಲ್ಲಿ ಕಟ್ಟಡದ ಭಾರವೇ ಹಿಡಿಯುತ್ತದೆ. ಆದರೆ ಪಾರ್ಕಿಂಗ್ ಬೇಸ್‌ಮೆಂಟ್ ಸಾಮಾನ್ಯವಾಗಿ ಮೇಲಿನ ಕಟ್ಟಡಕ್ಕಿಂತ ಅಗಲ ಇರುತ್ತದೆ. ಮೇಲೆ ಏನೂ ಇಲ್ಲದ ಆ ಅಂಚಿನ ಭಾಗ, ರ‍್ಯಾಂಪ್, ಸಂಪ್, ಇವೇ ಮೇಲೇಳುವುದು. ಕಟ್ಟುತ್ತಿರುವಾಗ ಇನ್ನೂ ಅಪಾಯ. ಬೇಸ್‌ಮೆಂಟ್ ಪೆಟ್ಟಿಗೆ ಮುಗಿದಿದೆ, ಮೇಲಿನ ಮಹಡಿ ಬಂದಿಲ್ಲ, ಹಬ್ಬಕ್ಕೆ ಕೆಲಸ ನಿಂತಿದೆ, ನೀರೆತ್ತುವ ಪಂಪ್ ಯಾರೋ ಆಫ್ ಮಾಡಿದ್ದಾರೆ, ಜೋರು ಮಳೆ ಬಂತು ಅಂದರೆ ಪೆಟ್ಟಿಗೆ ತೇಲಬಹುದು. ಪಂಪನ್ನು ಯಾವ ಮಹಡಿಯವರೆಗೆ ನಿಲ್ಲಿಸಬಾರದು ಅಂತ ವಿನ್ಯಾಸಕಾರರು ಬರೆದು ಕೊಡಬೇಕು.

ನೀರಿನ ಒಂದು ಬಾಟಲಿಯನ್ನು ರಾಸಾಯನಿಕ ಪರೀಕ್ಷೆಗೂ ಕಳಿಸಿ. ಸಲ್ಫೇಟ್ ಜಾಸ್ತಿ ಇದ್ದರೆ ಕಾಂಕ್ರೀಟನ್ನು ತಿನ್ನುತ್ತದೆ, ಕ್ಲೋರೈಡ್ ಕಂಬಿಗೆ ತುಕ್ಕು ಹಿಡಿಸುತ್ತದೆ. ಯಾವ ಸಿಮೆಂಟ್ ಬಳಸಬೇಕು ಅನ್ನುವುದು ಇದರ ಮೇಲಿದೆ.

ಬೇಸ್‌ಮೆಂಟಿನಿಂದ ಒಂದು ಲಾಭವೂ ಉಂಟು. 4 ಮೀಟರ್ ಮಣ್ಣು ತೆಗೆದರೆ ಚದರ ಮೀಟರಿಗೆ ಸುಮಾರು 7 ಟನ್ ಭಾರ ನೆಲದ ಮೇಲಿಂದ ಇಳಿದ ಹಾಗೆ. ವಸತಿ ಕಟ್ಟಡದ ಒಂದು ಅಂತಸ್ತು ಚದರ ಮೀಟರಿಗೆ ಒಂದು ಟನ್ನಿನ ಆಸುಪಾಸು ತೂಗುತ್ತದೆ. ಅಂದರೆ ರಾಫ್ಟ್ ಹಾಕಿದರೆ ನೆಲಕ್ಕೆ ಮೊದಲಿದ್ದಷ್ಟೇ ಭಾರ ಬೀಳಬಹುದು. ಮೆತ್ತನೆಯ ನೆಲದಲ್ಲಿ ಇದು ದೊಡ್ಡ ವರ. ಪೈಲ್ ಬೇಕೇ ಬೇಕು ಅಂತ ಹೇಳುವವರಿಗೆ ಈ ಲೆಕ್ಕ ಹಾಕಿ ನೋಡಿದ್ದೀರಾ ಅಂತ ಕೇಳಿ.

ವರದಿ ಕೈಗೆ ಬಂದ ಮೇಲೆ

ಕೊನೆಯ ಪುಟಕ್ಕೆ ಹೋಗಬೇಡಿ. ಮೊದಲು ಬೋರ್ ಲಾಗ್ ತೆರೆಯಿರಿ. ಪ್ರತಿ ಬೋರ್‌ಹೋಲ್‌ಗೂ ಒಂದೊಂದು ಹಾಳೆ, ಮೇಲಿನಿಂದ ಕೆಳಗೆ ಮಣ್ಣಿನ ವಿವರ, ಎನ್ ಮೌಲ್ಯ, ಸ್ಯಾಂಪಲ್ ತೆಗೆದ ಆಳ, ನೀರಿನ ಮಟ್ಟ, ದಿನಾಂಕ ಇರುತ್ತವೆ. ವರದಿಯಲ್ಲಿ ಕಣ್ಣಾರೆ ಕಂಡದ್ದು ಇರುವುದು ಇಲ್ಲಿ. ಕೊನೆಯ ಪುಟದ್ದು ಇದರ ಮೇಲೆ ಕಟ್ಟಿದ ಅಭಿಪ್ರಾಯ.

ಐದೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಪ್ರತಿ ಬೋರ್‌ಹೋಲ್‌ನ ನೆಲಮಟ್ಟವನ್ನು ಒಂದು ಸ್ಥಿರ ಗುರುತಿಗೆ ಹೋಲಿಸಿ ಬರೆದಿದ್ದಾರಾ? ಇಳಿಜಾರಿನ ಜಾಗದಲ್ಲಿ ಇದಿಲ್ಲದಿದ್ದರೆ ಒಂದರ 3 ಮೀಟರ್ ಇನ್ನೊಂದರ 5 ಮೀಟರ್ ಆಗಿರಬಹುದು, ಹೋಲಿಕೆಗೆ ಅರ್ಥವೇ ಇಲ್ಲ. ಆಮೇಲೆ ನಿಮ್ಮ ಫುಟಿಂಗ್ ತಳದ ಮಟ್ಟಕ್ಕೆ ಐದೂ ಹಾಳೆಯಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯ ಕೆಳಗೆ ಎಲ್ಲ ಕಡೆ ಒಂದೇ ಥರದ ಮಣ್ಣು ಇದೆಯಾ? ಒಂದು ಮೂಲೆಯಲ್ಲಿ ಬಂಡೆ, ಇನ್ನೊಂದರಲ್ಲಿ ಜೇಡಿ ಅಂತ ಕಂಡರೆ, ಎಸ್‌ಬಿಸಿ ಎಷ್ಟೇ ಚೆನ್ನಾಗಿರಲಿ, ಅಸಮ ಕುಸಿತದ ಬಗ್ಗೆ ಇಂಜಿನಿಯರ್ ಜೊತೆ ಕೂತು ಮಾತಾಡಿ. ನಡುವೆ ಇನ್ನೆರಡು ಬೋರ್‌ಹೋಲ್ ಬೇಕಾಗಬಹುದು.

ಐದೂ ಹಾಳೆ ಪದಕ್ಕೆ ಪದ ಒಂದೇ ಥರ ಇದ್ದರೆ ಅನುಮಾನ ಪಡಿ. ನೆಲ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಎನ್ ಮೌಲ್ಯ ಎಲ್ಲ ಕಡೆ 12, 16, 20, 24 ಅಂತ ಮೆಟ್ಟಿಲು ಹತ್ತಿದರೂ ಅಷ್ಟೇ.

ಇನ್ನೊಂದು ಪರಿಶೀಲನೆ ನೀವೇ ಮಾಡಬಹುದು. ಲ್ಯಾಬ್ ಕೋಷ್ಟಕದಲ್ಲಿ ಪ್ರತಿ ಜೇಡಿ ಸ್ಯಾಂಪಲ್‌ಗೆ ನೀರಿನ ಅಂಶ, ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್ ಎಂಬ ಮೂರು ಸಂಖ್ಯೆ ಇರುತ್ತವೆ. ಲಿಕ್ವಿಡ್ ಲಿಮಿಟ್ ಅಂದರೆ ಜೇಡಿ ದ್ರವದಂತೆ ಹರಿಯಲು ಶುರುವಾಗುವ ನೀರಿನ ಅಂಶ, ಪ್ಲಾಸ್ಟಿಕ್ ಲಿಮಿಟ್ ಅಂದರೆ ಅದು ನಾದಲು ಬಾರದೆ ಪುಡಿಯಾಗಲು ಶುರುವಾಗುವ ನೀರಿನ ಅಂಶ. ನೀರಿನ ಅಂಶ ಲಿಕ್ವಿಡ್ ಲಿಮಿಟ್ ಹತ್ತಿರ ಇದ್ದರೆ ಮಣ್ಣು ಮೆತ್ತಗಿರಬೇಕು. ಪ್ಲಾಸ್ಟಿಕ್ ಲಿಮಿಟ್ ಹತ್ತಿರ ಇದ್ದರೆ ಗಟ್ಟಿಯಾಗಿರಬೇಕು. ನೀರಿನ ಅಂಶ 48, ಲಿಕ್ವಿಡ್ ಲಿಮಿಟ್ 50 ಅಂತ ಕೊಟ್ಟು, ಅದೇ ಆಳದಲ್ಲಿ ಎನ್ 30 ಅಂತ ಬರೆದಿದ್ದರೆ ಎರಡರಲ್ಲಿ ಒಂದು ತಪ್ಪಿರುವ ಸಾಧ್ಯತೆ ಜಾಸ್ತಿ. ವಿವರಣೆ ಕೇಳಿ.

ಆಮೇಲೆ ಶಿಫಾರಸು ಓದಿ. ಬರೀ 'ಎಸ್‌ಬಿಸಿ ಇಷ್ಟು' ಅಂತಿದ್ದರೆ ವಾಪಸ್ ಕಳಿಸಿ. ಎಷ್ಟು ಅಗಲದ ಫುಟಿಂಗ್‌ಗೆ, ಎಷ್ಟು ಆಳದಲ್ಲಿ, ಯಾವ ನೀರಿನ ಮಟ್ಟ ಹಿಡಿದು, ಎಷ್ಟು ಕುಸಿತಕ್ಕೆ ಅಂತ ಇರಲೇಬೇಕು. ಬೇಸ್‌ಮೆಂಟ್ ಗೋಡೆಯ ಮೇಲೆ ಮಣ್ಣಿನ ಒತ್ತಡ ಎಷ್ಟು, ಅಗೆಯುವಾಗ ಪಕ್ಕಕ್ಕೆ ಆಧಾರ ಹೇಗೆ, ನೀರೆತ್ತಿದರೆ ಪಕ್ಕದ ಕಟ್ಟಡ ಇಳಿಯುತ್ತದಾ, ಅಗೆದ ಮಣ್ಣನ್ನು ವಾಪಸ್ ತುಂಬಲು ಬಳಸಬಹುದಾ, ಇವಕ್ಕೂ ಉತ್ತರ ಬೇಕು.

ಇಷ್ಟೆಲ್ಲ ಸಿಗಬೇಕಾದರೆ ನೀವು ಮೊದಲೇ ಸರಿಯಾಗಿ ಕೇಳಿರಬೇಕು. ಫೋನಿನಲ್ಲಿ 'ಒಂದು ಸಾಯಿಲ್ ಟೆಸ್ಟ್ ಮಾಡಿಕೊಡಿ, ಎಷ್ಟಾಗುತ್ತೆ' ಅಂತ ಕೇಳಿದರೆ ಅವರೂ ಸುಮ್ನೆ ಒಂದು ಮಾಮೂಲಿ ವರದಿ ಕೊಡುತ್ತಾರೆ. ಕಟ್ಟಡದ ನಕ್ಷೆ, ಅಂದಾಜು ಕಂಬದ ಭಾರ, ಬೇಸ್‌ಮೆಂಟ್ ಆಳ ಎಲ್ಲ ಕೊಟ್ಟು, ಬೋರ್‌ಹೋಲ್ ಸಂಖ್ಯೆ, ಆಳ, ಪರೀಕ್ಷೆಗಳ ಪಟ್ಟಿಯನ್ನು ಬರೆದು ಅದೇ ಪಟ್ಟಿಗೆ ಮೂರು ಕಡೆ ದರ ಕೇಳಿ. ಆಗ ಮಾತ್ರ ದರಗಳನ್ನು ಹೋಲಿಸಬಹುದು. ಪಟ್ಟಿಯನ್ನು ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಮಾಡಿಕೊಡಲಿ. ವರದಿ ನಿಮ್ಮ ಹೆಸರಿಗೇ ಬರಲಿ. ಹಳೆಯದು ಮಾರುವವರ ಹೆಸರಿನಲ್ಲಿದ್ದರೆ, ನಾಳೆ ಏನಾದರೂ ಆದಾಗ ಅದನ್ನು ಬರೆದವರು 'ನಾವು ನಿಮಗೆ ಕೊಟ್ಟಿದ್ದಲ್ಲ' ಅನ್ನಬಹುದು.

ಹಳೆಯ ವರದಿಯನ್ನು ಹೊಸ ಸಂಸ್ಥೆಗೆ ಕೊಡಿ. ಆ ಎರಡು ಬೋರ್‌ಹೋಲ್ ಎಲ್ಲಿದ್ದವು ಅಂತ ಗೊತ್ತಾದರೆ ಮೇಲಿನ 6 ಮೀಟರಿನ ಮಾಹಿತಿ ಸಿಕ್ಕಿತು. ಹೊಸದರ ಜೊತೆ ತಾಳೆಯಾಗದಿದ್ದರೆ, ನಡುವಿನ ಆರು ವರ್ಷದಲ್ಲಿ ಯಾರಾದರೂ ಮಣ್ಣು ತೆಗೆದರಾ, ತುಂಬಿದರಾ ಅಂತ ಹುಡುಕಬೇಕು.

ಕೊರೆದ ಸ್ಯಾಂಪಲ್‌ಗಳನ್ನು ಪಾಯದ ಕೆಲಸ ಮುಗಿಯುವವರೆಗೆ ಎಸೆಯದಂತೆ ಹೇಳಿ. ವರದಿ ಬರೆದ ಇಂಜಿನಿಯರ್ ಪಾಯದ ಗುಂಡಿ ತೋಡಿದ ದಿನ ಬಂದು ತಳವನ್ನು ನೋಡಬೇಕು ಅಂತಲೂ ಒಪ್ಪಂದದಲ್ಲಿ ಸೇರಿಸಿ. ಬೋರ್‌ಹೋಲ್‌ಗಳ ನಡುವಿನ ನೆಲ ಮೊದಲ ಸಲ ಕಣ್ಣಿಗೆ ಬೀಳುವುದು ಆಗಲೇ. ಹಳೆಯ ಬಾವಿ, ಮೆತ್ತನೆಯ ತೇಪೆ, ತುಂಬಿದ ಮಣ್ಣಿನ ಗೆರೆ ಕಂಡರೆ ಅದನ್ನು ತೆಗೆದು ಸರಿಪಡಿಸಲು ಅವತ್ತು ಒಂದೆರಡು ದಿನ ಸಾಕು. ಅವರು ನೋಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ತಳದ ಕಾಂಕ್ರೀಟ್ ಹಾಕಬಾರದು ಅಂತ ಗುತ್ತಿಗೆದಾರರಿಗೆ ಮೊದಲೇ ತಿಳಿಸಿಬಿಡಿ.